ಸಹಾಯ ಬೇಕು: ತುಂಬ ವರ್ಷದ ನಂತರ ಮತ್ತೆ ಪೋಕೆಮಾನ್ ಕಾರ್ಡ್

ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಬೆಂಗಳೂರಿನಲ್ಲಿ ಓದುವಾಗ, 2018ರವರೆಗೂ, ಪೋಕೆಮಾನ್ ಕಾರ್ಡ್ ಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಊರಿಗೆ ಬಂದ ಮೇಲೆ ತೋಟ, ಕೊನೆಕೊಯ್ಲು ಅಂತ ಆಟ ಬಿಟ್ಟೇ ಹೋಯಿತು. (ಪೋಕೆಮಾನ್ ಚಿತ್ರವಿರುವ ಕಾರ್ಡುಗಳಿಂದ ಇಬ್ಬರು ಎದುರುಬದುರು ಕೂತು ಆಡುವ ಆಟ ಇದು. ಇಸ್ಪೀಟ್ ಅಲ್ಲ, ದುಡ್ಡು ಕಟ್ಟುವ ಆಟವೂ ಅಲ್ಲ. ಮನೆಯಲ್ಲೂ ಇದನ್ನೇ ಹೇಳಿ ಸಾಕಾಗಿದೆ.)

ಮೊನ್ನೆ ಅಟ್ಟದಿಂದ ಡಬ್ಬಿ ಇಳಿಸಿದೆ. ನಮ್ಮ ಮಳೆಗಾಲ ಗೊತ್ತಲ್ಲ, ಹೊಳೆಯುವ ಕಾರ್ಡುಗಳೆಲ್ಲ ಹಪ್ಪಳದ ಹಾಗೆ ಬಾಗಿವೆ. "ಅಡಿಕೆ ಜೊತೆ ಒಣಗಿಸು" ಅಂದರು ಅಮ್ಮ.

60 ಕಾರ್ಡಿನ ಡೆಕ್ (ಆಡಲು ಜೋಡಿಸಿಕೊಳ್ಳುವ ಕಟ್ಟು), 6 ಪ್ರೈಜ್ ಕಾರ್ಡ್ (ಗೆಲ್ಲಲು ಎತ್ತಿಕೊಳ್ಳಬೇಕಾದ ಕಾರ್ಡುಗಳು), ಅದೆಲ್ಲ ಹಾಗೇ ಇದೆ. ಆದರೆ ನನ್ನ ಜಿಎಕ್ಸ್ ಕಾರ್ಡುಗಳು (ಆಗಿನ ಬಲಶಾಲಿ ಪೋಕೆಮಾನ್ ಕಾರ್ಡುಗಳು) ಹೊಸ ಕಾರ್ಡುಗಳನ್ನಷ್ಟೇ ಬಿಡುವ ಸ್ಪರ್ಧೆಯ ಬಗೆಯಾದ ಸ್ಟ್ಯಾಂಡರ್ಡ್‌ನಲ್ಲಿ ನಡೆಯುವುದಿಲ್ಲ, ಹಳೆಯವಕ್ಕೂ ಅವಕಾಶವಿರುವ ಎಕ್ಸ್‌ಪ್ಯಾಂಡೆಡ್‌ಗೆ ಮಾತ್ರ. ಯಾವ ಕಾರ್ಡ್ ಸ್ಟ್ಯಾಂಡರ್ಡ್‌ಗೆ ನಡೆಯುತ್ತದೆ ಅಂತ ತಿಳಿಯಲು ಈಗ ಕಾರ್ಡಿನ ಕೆಳಮೂಲೆಯಲ್ಲಿರುವ ಅಕ್ಷರ ನೋಡಬೇಕು. ಮೊದಲು ಆಡುವವರು ಮೊದಲ ಸರದಿಯಲ್ಲಿ ಸಪೋರ್ಟರ್ (ನೆರವಿನ ಕಾರ್ಡ್) ಹಾಕುವ ಹಾಗಿಲ್ಲ. 2020ರಲ್ಲೇ ಬಂದ ನಿಯಮವಂತೆ, ನನಗೆ ಮೊನ್ನೆ ಗೊತ್ತಾಗಿದ್ದು! ನನ್ನ ಹಳೇ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ರೇರ್ ಕ್ಯಾಂಡಿ, ಅಲ್ಟ್ರಾ ಬಾಲ್ ಅನ್ನುವ ಕಾರ್ಡುಗಳು ಮತ್ತೆ ಮುದ್ರಣವಾಗಿವೆ, ಹಾಗಾಗಿ ನನ್ನ ಹಳೇ ಪ್ರತಿಗಳು ಉಪಯೋಗಕ್ಕೆ ಬರಬಹುದು. ಅಷ್ಟೇ ಸಮಾಧಾನ.

ಕೇಳುವುದು ಇಷ್ಟು. ಜೇಬಿಗೆ ಜಾಸ್ತಿ ಹೊರೆಯಾಗದ, ಕೈ ಕುದುರುವವರೆಗೆ ಆಡಬಹುದಾದ ಡೆಕ್ ಯಾವುದು? ಬಾಗಿದ ಕಾರ್ಡನ್ನು ನೇರ ಮಾಡುವುದು ಹೇಗೆ? ಸ್ಲೀವ್ (ಕಾರ್ಡಿನ ಪ್ಲಾಸ್ಟಿಕ್ ಕವರ್) ಹಾಕಿದರೂ ಬಾಗಿದ್ದು ಕಾಣುತ್ತದೆ, ಹಿಂಬದಿಯಿಂದಲೇ ಗುರುತು ಸಿಗುವ ಕಾರ್ಡ್ ಅಂತ ಸ್ಪರ್ಧೆಯ ಜಡ್ಜ್ ತಕರಾರು ಮಾಡಿದರೆ ಕಷ್ಟ ಅಲ್ವಾ? ಮತ್ತೆ, ಶಿವಮೊಗ್ಗದಲ್ಲಿ ಭಾನುವಾರ ಜೊತೆಗೆ ಆಡುವವರು ಯಾರಾದರೂ ಇದ್ದೀರಾ? ಬೆಳಗಿನ ಬಸ್ಸಿಗೇ ಬರುತ್ತೇನೆ. ಸೋಲಿಸಿದರೂ ಬೇಜಾರಿಲ್ಲ.