‘ಫಂಗಸ್ ನಂಜು’ ಎನ್ನಬಹುದೇ?

ಬಲ್ಲವರಿಗೆ ನಮಸ್ಕಾರ.

ದಿನ ತುಂಬದೆ ಹುಟ್ಟಿದ ಕೂಸುಗಳ ತಂದೆತಾಯಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕ್ಯಾಂಡಿಡಾ ಎಂಬ ಯೀಸ್ಟ್ (ಒಂದು ಬಗೆಯ ಫಂಗಸ್) ರಕ್ತಕ್ಕೆ ಸೇರಿ ಮಿದುಳು, ಮೂತ್ರಪಿಂಡ, ಕಣ್ಣುಗಳಿಗೆ ಹಬ್ಬುವ ಕಾಯಿಲೆಯನ್ನು ಕನ್ನಡದಲ್ಲಿ ಏನೆಂದು ಕರೆಯೋಣ?

‘ಶಿಲೀಂಧ್ರ ಸೋಂಕು’ ಪಠ್ಯಪುಸ್ತಕಕ್ಕೆ ಸರಿ. ಮಾತಿನಲ್ಲಿ ಎಲ್ಲರೂ ‘ಫಂಗಸ್’ ಅನ್ನುವವರೇ. ಫಂಗಸ್ ಎಂದೊಡನೆ ನೆನಪಾಗುವುದು ಹುಳುಕಡ್ಡಿ, ತುರಿಕೆ, ಮುಲಾಮು. ಕೂಸಿನ ನಾಲಿಗೆಯ ಮೇಲೆ ಕೂರುವ ಬಿಳಿ ಪದರವೂ ಕ್ಯಾಂಡಿಡಾದ್ದೇ. ದಿನ ತುಂಬಿದ, ಗಟ್ಟಿಮುಟ್ಟಾದ ಕೂಸಿಗಾದರೆ ಬಾಯಿಗೆ ಹಚ್ಚುವ ಔಷಧಿಯಲ್ಲೇ ಅದು ವಾಸಿಯಾಗುತ್ತದೆ. 1 ಕಿಲೋ ಕೂಡ ತೂಗದ ಕೂಸಿನ ರಕ್ತಕ್ಕೆ ಅದೇ ಯೀಸ್ಟ್ ಇಳಿದರೆ ಜೀವಕ್ಕೇ ಕುತ್ತು. ಎರಡಕ್ಕೂ ಒಂದೇ ಹೆಸರಿಟ್ಟರೆ ‘ಫಂಗಸ್ ತಾನೇ’ ಎಂದು ಮನೆಯವರು ಹಗುರವಾಗಿ ತಗೊಂಡುಬಿಡುತ್ತಾರೆ.

ಹೀಗೆ ರಕ್ತಕ್ಕಿಳಿದ ಸೋಂಕನ್ನು ವೈದ್ಯರು ಇಂಗ್ಲಿಷಿನಲ್ಲಿ ‘ಇನ್ವೇಸಿವ್’ ಎನ್ನುತ್ತಾರೆ; ಅದಕ್ಕೆ ‘ಆಕ್ರಮಣಕಾರಿ’ ನನಗೆ ಒಗ್ಗುವುದಿಲ್ಲ. ಇದು ದಂಡೆತ್ತಿ ಬರುವ ರೋಗವಲ್ಲ, ದಾರಿ ಸಿಕ್ಕಾಗ ಸದ್ದಿಲ್ಲದೆ ಒಳಸೇರುವಂಥದ್ದು. ಎಳೆಯ ಚರ್ಮ ಇನ್ನೂ ಬಲಿತಿರುವುದಿಲ್ಲ. ಪೋಷಣೆಗೆಂದು ರಕ್ತನಾಳದಲ್ಲಿ ದಿನಗಟ್ಟಲೆ ನಳಿಕೆ ಇರುತ್ತದೆ. ಆಂಟಿಬಯಾಟಿಕ್‌ಗಳು ಕರುಳಿನ ಬ್ಯಾಕ್ಟೀರಿಯಾಗಳನ್ನು ಕೊಂದು ಯೀಸ್ಟಿಗೆ ಜಾಗ ಮಾಡಿಕೊಡುತ್ತವೆ. ಲಕ್ಷಣಗಳೂ ಇಂಥದ್ದೇ ಎಂದು ಬೊಟ್ಟು ಮಾಡುವಂತಿರುವುದಿಲ್ಲ: ಹಾಲು ಅರಗದು, ಉಸಿರು ನಡುನಡುವೆ ನಿಲ್ಲುತ್ತದೆ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) ಇಳಿಯುತ್ತದೆ. ರಕ್ತದ ಕಲ್ಚರ್‌ನಲ್ಲೂ (ರಕ್ತದಲ್ಲಿರುವ ಸೂಕ್ಷ್ಮಜೀವಿಯನ್ನು ಬೆಳೆಸಿ ನೋಡುವ ಪರೀಕ್ಷೆ) ಯೀಸ್ಟ್ ಎಷ್ಟೋ ಸಲ ಸಿಕ್ಕುವುದಿಲ್ಲ. ಹಾಗಾಗಿ ‘ಒಳಹೊಕ್ಕ’ ಎಂಬುದೇ ಹತ್ತಿರವೆನಿಸುತ್ತದೆ.

ಆದರೆ ನನ್ನ ಒಲವು ‘ನಂಜು’ ಕಡೆಗೆ. ‘ರಕ್ತಕ್ಕೆ ನಂಜೇರಿದೆ’ ಎಂದರೆ ಗಂಭೀರ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ತೊಡಕೂ ಅಲ್ಲೇ ಇದೆ. ‘ನಂಜಿನ ಪದಾರ್ಥ’ ಎಂಬ ಬಳಕೆ ಇರುವುದರಿಂದ, ತಾನು ತಿಂದದ್ದೇನೋ ಕೂಸಿಗೆ ನಂಜಾಯಿತೆಂದು ಬಾಣಂತಿ ಹೆದರಿ ಹಾಲು ಕೊಡುವುದನ್ನೇ ಬಿಟ್ಟಾಳು. ಇಂಥ ಕೂಸಿಗೆ ಎದೆಹಾಲಿನಷ್ಟು ಒಳ್ಳೆಯದು ಬೇರೆ ಇಲ್ಲ. ‘ಫಂಗಸ್ ನಂಜು’ ಎಂದು ಜೋಡಿಸಿದರೆ ಆ ಅರ್ಥ ತಪ್ಪುತ್ತದೆಯೇ?

ಇನ್ನೊಂದು. ಔಷಧಿಯನ್ನು ರಕ್ತದಲ್ಲಿ ಯೀಸ್ಟ್ ಕಾಣದಾದ ಮೇಲೂ ಸುಮಾರು 2 ವಾರ ಮುಂದುವರಿಸುತ್ತಾರೆ. ‘ರಕ್ತ ಶುದ್ಧಿಯಾದ ಮೇಲೆ’ ಎಂದರೆ ಟಾನಿಕ್ಕಿನ ಜಾಹೀರಾತಿನಂತೆ ಕೇಳುತ್ತದೆ. ‘ರಕ್ತ ತಿಳಿಯಾದ ಮೇಲೆ’ ಆದೀತೇ? ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ, ನೀವು ಮನೆಯವರಿಗೆ ಹೇಳುವ ಮಾತನ್ನೇ ಇದ್ದಹಾಗೆ ಬರೆದು ತಿಳಿಸಿ.