ಟ್ರಂಕಿನ ಚಿತ್ರ ಈಗಲೇ ಕೊಡಬೇಡಿ ಚಿಕ್ಕಮ್ಮ

ಚಿಕ್ಕಮ್ಮ, ಬಸ್ಸಿನಲ್ಲಿದ್ದೇನೆ, ವಾಯ್ಸ್ ಕಳಿಸಿದರೆ ಬರೀ ಹಾರ್ನ್ ಕೇಳಿಸುತ್ತದೆ. ಅದಕ್ಕೇ ಮಾತಾಡಿದ ಹಾಗೆ ಟೈಪ್ ಮಾಡುತ್ತಿದ್ದೇನೆ, ಉದ್ದ ಆದರೆ ಬೈಬೇಡಿ.

ದೊಡ್ಡಜ್ಜ ಹಡಗಿನ ಕೆಲಸದಲ್ಲಿದ್ದಾಗ ತಂದ ಸುರುಳಿ ಚಿತ್ರ, ಬಿದಿರಿನ ಮೇಲೆ ಎರಡು ಗುಬ್ಬಿ ಇರುವುದು, ಹಳೇ ಸಾಮಾನಿನ ಅಂಗಡಿಯವನು 15,000ಕ್ಕೆ ಕೇಳಿದ್ದಾನೆ, ಕೊಡಲಾ ಅಂತ ತಾನೇ ನೀವು ಕೇಳಿದ್ದು? ಒಂದು ವಾರ ತಡೆಯಿರಿ. ಭಾವ ಹಾಕಿದ ಸುದ್ದಿಯನ್ನೂ ನೋಡಿದೆ. ನಿಜ, 2017ರಲ್ಲಿ ಬೀಜಿಂಗ್‌ನಲ್ಲಿ ಚೀನಾದ ಹೆಸರಾಂತ ಚಿತ್ರಗಾರ ಚಿ ಬೈಶಿ ಬರೆದ 12 ಚಿತ್ರಗಳ ಸೆಟ್ 14 ಕೋಟಿ ಡಾಲರ್‌ಗೆ ಹೋಯಿತು. ಆದರೆ ಅದಕ್ಕೂ ನಮ್ಮ ಗುಬ್ಬಿಗೂ ಏನು ಸಂಬಂಧ ಭಾವ!

ನನಗೆ ಅದು ಚೀನಾದ್ದು ಅನಿಸುವುದಿಲ್ಲ. ಚೀನೀ ಅಕ್ಷರ ಇದೆ ಅನ್ನುವುದು ಸಾಕ್ಷಿಯಲ್ಲ, ಜಪಾನ್, ಕೊರಿಯಾದವರೂ ಅದನ್ನೇ ಬರೆಯುತ್ತಿದ್ದರು. ಫೋಟೋದಲ್ಲಿ ಮೇಲಿನ ಕೋಲಿನಿಂದ ಎರಡು ಸಣ್ಣ ಬಟ್ಟೆಪಟ್ಟಿ ಇಳಿಬಿದ್ದಿವೆ ನೋಡಿ, ಅದಕ್ಕೆ ಫೂತಾಯ್ ಅನ್ನುತ್ತಾರೆ, ಅದು ಜಾಸ್ತಿ ಕಾಣುವುದು ಜಪಾನಿನವರು ಚಿತ್ರಕ್ಕೆ ಹಾಕುವ ಕಟ್ಟಿನಲ್ಲೇ. ಹಾಗಂತ ಪೂರ್ತಿ ನಂಬಬೇಡಿ, ಚೀನಾದ ಚಿತ್ರವನ್ನೂ ಜಪಾನಿನಲ್ಲಿ ಹೊಸದಾಗಿ ಕಟ್ಟಿಸಿರಬಹುದು.

ಮೊದಲು ಒಂದು ಕೆಲಸ ಮಾಡಿ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಭೂತಗನ್ನಡಿ ತಂದು ಗುಬ್ಬಿಯ ರೆಕ್ಕೆ ನೋಡಿ. ಪೇಪರ್ ಫೋಟೋದ ಹಾಗೆ ಸಾಲಾಗಿ ಚುಕ್ಕಿ ಕಂಡರೆ ಅದು ಪ್ರಿಂಟು, ಕಥೆ ಮುಗಿಯಿತು. ಮಸಿ ರೇಷ್ಮೆ ಎಳೆಗೆ ಇಳಿದು, ಒಂದೇ ಗೆರೆಯಲ್ಲಿ ಒಂದು ಕಡೆ ದಟ್ಟ, ಒಂದು ಕಡೆ ತೆಳು ಕಂಡರೆ ಕುಂಚದ್ದು ಇರಬಹುದು. ಚುಕ್ಕಿಯೇ ಇಲ್ಲದ ಹಳೇ ಪ್ರಿಂಟೂ ಇವೆ, ಅದು ಬೇರೆ ತಲೆನೋವು.

ಪಕ್ಕದಲ್ಲಿ ಬರೆದಿರುವುದು ವರ್ಷವೇ ಆದರೂ ಕುಣಿಯಬೇಡಿ. ಚೀನಾ, ಜಪಾನಿನವರದ್ದೂ ನಮ್ಮ ಸಂವತ್ಸರದ ಹಾಗೆ 60 ವರ್ಷದ ಚಕ್ರ. ಅಜ್ಜಿ ಕ್ರೋಧಿಯಲ್ಲಿ ಮದುವೆ ಅಂದರೆ ನಾವು 1964 ಅಂತ ತಿಳಿಯುತ್ತೇವೆ, ಪರಿಚಯ ಇಲ್ಲದವರಿಗೆ 2024 ಕೂಡ ಕ್ರೋಧಿಯೇ ಅಲ್ವಾ? ಹಾಗೇ ಅವರ ಚಕ್ರದ ಮೊದಲ ವರ್ಷ 1864, 1924, 1984 ಮೂರಕ್ಕೂ ಬರುತ್ತದೆ. ಚಿತ್ರಗಾರನ ಹೆಸರಿನ ಕೆಂಪು ಮುದ್ರೆಯೂ ಅಷ್ಟೇ, ಅದಿದ್ದ ಮಾತ್ರಕ್ಕೆ ಅವನೇ ಬರೆದದ್ದು ಅಂತಲ್ಲ. ಗುರುವಿನ ಚಿತ್ರ ನಕಲು ಮಾಡಿಯೇ ಕಲಿಯುವ ಪದ್ಧತಿ ಅವರದ್ದು, ಎಲ್ಲವೂ ಮೋಸ ಅಲ್ಲ. ಮೋಸವೂ ಇತ್ತು ಅನ್ನಿ. ಬೋಸ್ಟನ್ನಿನ ಮ್ಯೂಸಿಯಂ 1957ರಲ್ಲಿ ಸಾವಿರ ವರ್ಷ ಹಳೆಯದು ಅಂತ ಕೊಂಡ ಚಿತ್ರ ಝಾಂಗ್ ದಾಚಿಯನ್ ಅನ್ನುವ 20ನೇ ಶತಮಾನದ ಚೀನೀ ಚಿತ್ರಗಾರನ ಕೈಚಳಕ ಅಂತ ಆಮೇಲೆ ಗೊತ್ತಾಯಿತು. ಅಂಥವರೇ ಬೇಸ್ತು ಬಿದ್ದ ಮೇಲೆ ನಮ್ಮ ಅಂಗಡಿಯವನ ಮಾತೇನು!

ಬೆಲೆ ಕೇಳಿದರೆ, ಹೆಸರಿಲ್ಲದ ಜಪಾನಿ ಸುರುಳಿಗಳು ಅಲ್ಲಿನ ಆನ್‌ಲೈನ್ ಹರಾಜಿನಲ್ಲಿ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತವೆ. ಹಾಗಾಗಿ 15,000 ಕೆಟ್ಟ ರೇಟೇನಲ್ಲ. ಆದರೂ ತಡೆಯಿರಿ ಅಂದಿದ್ದು ಯಾಕೆ ಗೊತ್ತಾ? ಅಜ್ಜಿ ದೇವರ ಮನೆಯಲ್ಲಿ ಊದುಬತ್ತಿ ಇಡುತ್ತಿದ್ದ ಉದ್ದನೆಯ ಮರದ ಪೆಟ್ಟಿಗೆ ನೆನಪಿದೆಯಾ, ಎತ್ತಿದರೆ ಥರ್ಮಾಕೋಲ್ ಹಾಗೆ ಹಗುರ? ಅದರ ಮುಚ್ಚಳದ ಒಳಗೆ ಮಸಿಯಲ್ಲಿ ಏನೋ ಗೀಚಿತ್ತು, ನಾನು ಚಿಕ್ಕವನಿದ್ದಾಗ ಬೆರಳಲ್ಲಿ ತಿದ್ದುತ್ತಿದ್ದೆ. ಜಪಾನಿನಲ್ಲಿ ಚಿತ್ರಗಾರ ಎಷ್ಟೋ ಸಲ ಪೆಟ್ಟಿಗೆಯ ಮೇಲೆ ಚಿತ್ರದ ಹೆಸರು, ಮುಚ್ಚಳದ ಒಳಗೆ ತನ್ನ ಸಹಿ, ಮುದ್ರೆ ಹಾಕಿ ಕೊಡುತ್ತಾನೆ. ಅಜ್ಜಿಯ ಪೆಟ್ಟಿಗೆ ಈ ಚಿತ್ರದ್ದೇ ಇರಬಹುದು, ಅಂಥದ್ದು ಜೊತೆಗಿದ್ದರೆ ಬೆಲೆಯೇ ಬೇರೆ.

ಸಿಂಗಾಪುರದ ಅಣ್ಣ ಸೂಟ್‌ಕೇಸಿನಲ್ಲಿ ಒಯ್ಯುತ್ತೇನೆ ಅಂದರೆ ಬೇಡ ಅನ್ನಿ. ನೂರು ವರ್ಷ ದಾಟಿದ್ದರೆ ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ದೇಶದಿಂದ ಹೊರಗೆ ಸಾಗಿಸುವ ಹಾಗಿಲ್ಲ. ದೊಡ್ಡ ಹರಾಜಿನವರು ಫೋಟೋ ನೋಡಿಯೇ ಅಂದಾಜು ಹೇಳುತ್ತಾರೆ, ಒಯ್ಯುವ ಅಗತ್ಯವೇ ಇಲ್ಲ.

ಪೆಟ್ಟಿಗೆ ಸಿಕ್ಕರೆ ಮುಚ್ಚಳದ ಒಳಗಿನ ಫೋಟೋ ಹಾಕಿ. ಬೂದಿ ಮೆತ್ತಿದ್ದರೂ ಪರವಾಗಿಲ್ಲ, ಒದ್ದೆ ಬಟ್ಟೆಯಲ್ಲಿ ಮಾತ್ರ ಒರೆಸಬೇಡಿ.