ಹಾಲಿನ ಪುಡಿ ಕಂಪನಿಯ ಹಣ, ತಿಂಗಳು ತುಂಬದ ಮಗು: ಇಂಥ ಅಧ್ಯಯನ ಸರಿಯೇ?

ಆಶಾ ಕಾರ್ಯಕರ್ತೆ, ಸಿದ್ದಾಪುರ ಭಾಗ
ಕಾಫಿ ತೋಟದ ಲೈನ್‌ಮನೆಯಲ್ಲಿರುವ ಯರವ ಸಮುದಾಯದ ತಾಯಿಯೊಬ್ಬರಿಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಗಿ, ಒಂದೂವರೆ ಕೆಜಿಯೂ ಇಲ್ಲದ ಮಗುವನ್ನು ಹೊರ ಜಿಲ್ಲೆಯ ಖಾಸಗಿ ಆಸ್ಪತ್ರೆಗೆ ಸೇರಿಸಿದ್ದರು. ಮಗು ಈಗ ಚೆನ್ನಾಗಿದೆ. ಮನೆ ಭೇಟಿಗೆ ಹೋದಾಗ ಡಿಸ್ಚಾರ್ಜ್ ಕಾಗದಗಳ ನಡುವೆ, ಮಗುವನ್ನು ಅಧ್ಯಯನವೊಂದಕ್ಕೆ ಸೇರಿಸಿಕೊಳ್ಳಲು ಪಡೆದ ಇಂಗ್ಲಿಷಿನ ಒಪ್ಪಿಗೆ ಪತ್ರ ಕಂಡಿತು. ಕೊನೆಯ ಪುಟದಲ್ಲಿ ಆಕೆಯ ಹೆಬ್ಬೆಟ್ಟಿದೆ, ಸಾಕ್ಷಿಯ ಜಾಗ ಖಾಲಿ ಇದೆ. ಅಧ್ಯಯನಕ್ಕೆ ಹಣ ಕೊಟ್ಟಿರುವುದು ಶಿಶು ಆಹಾರದ ಕಂಪನಿ. “ಒತ್ತದಿದ್ದರೆ ಮಗುವನ್ನು ನೋಡುವುದಿಲ್ಲವೇನೋ ಎಂದು ಹೆದರಿದೆ” ಎಂದರು ಆ ತಾಯಿ. ಇದಕ್ಕೆ ಕಾನೂನಿನಲ್ಲಿ ಅವಕಾಶವಿದೆಯೇ?

ವಕೀಲರು, ಮಡಿಕೇರಿ
ಇಲ್ಲ. ಶಿಶು ಹಾಲಿನ ಬದಲಿ ಪದಾರ್ಥಗಳ ಕುರಿತ 1992ರ ಕಾಯ್ದೆಯ 9ನೇ ಕಲಮು, 2003ರ ತಿದ್ದುಪಡಿಯ ನಂತರ, ಇಂಥ ಕಂಪನಿಗಳು ಆರೋಗ್ಯ ಕಾರ್ಯಕರ್ತರಿಗಾಗಲಿ ಅವರ ಸಂಘಗಳಿಗಾಗಲಿ ಸಮ್ಮೇಳನ, ಫೆಲೋಶಿಪ್, ಸಂಶೋಧನೆ ಎಂಬ ಯಾವ ಹೆಸರಿನಲ್ಲೂ ಹಣ ಕೊಡುವುದನ್ನು ನಿಷೇಧಿಸುತ್ತದೆ. ಒಪ್ಪಿಗೆಯಲ್ಲಿಯೂ ದೋಷವಿದೆ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಓದಲು ಬಾರದವರಿಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು, ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಜೊತೆಗಿದ್ದು ಸಹಿ ಹಾಕಬೇಕು.

ಓದುಗರು, ಗೋಣಿಕೊಪ್ಪಲು
ಕಂಪನಿಗಳು ಹಣ ಕೊಡದಿದ್ದರೆ ಇಷ್ಟು ಸಣ್ಣ ಮಕ್ಕಳ ಪೋಷಣೆಯ ಬಗ್ಗೆ ಸಂಶೋಧನೆ ನಡೆಯುವುದಾದರೂ ಹೇಗೆ? ತಾಯಿಯ ಹಾಲಿಗೆ ಪೋಷಕಾಂಶ ಬೆರೆಸಿ ಕೊಡುವುದೂ ಇದೆಯಲ್ಲವೇ?

ಮಕ್ಕಳ ವೈದ್ಯೆ, ವಿರಾಜಪೇಟೆ
ಇದೆ, ಮತ್ತು ಅಗತ್ಯವಿದ್ದಾಗ ವೈದ್ಯರು ಪುಡಿ ಹಾಲು ಬರೆದುಕೊಡುವುದನ್ನು ಯಾರೂ ತಪ್ಪೆನ್ನುವುದಿಲ್ಲ. ಆದರೆ ತಿಂಗಳು ತುಂಬದ ಮಕ್ಕಳಲ್ಲಿ ಕರುಳಿನ ಅಂಗಾಂಶ ಸಾಯುವ, ಜೀವಕ್ಕೇ ಕುತ್ತಾಗುವ ಕಾಯಿಲೆಯೊಂದಿದೆ. ಎದೆಹಾಲು ಕುಡಿದವರಿಗಿಂತ ಪುಡಿ ಹಾಲು ಕುಡಿದವರಲ್ಲಿ ಅದು ಹೆಚ್ಚು ಎಂಬುದು 1990ರ ಬ್ರಿಟಿಷ್ ಅಧ್ಯಯನದಲ್ಲೇ ಕಂಡುಬಂದಿದೆ. ಹೀಗಿರುವಾಗ ಪುಡಿ ಮಾರುವವರೇ ಯಾವುದನ್ನು ಯಾವುದರೊಂದಿಗೆ ಹೋಲಿಸಬೇಕು, ಏನನ್ನು ಅಳೆಯಬೇಕು ಎಂದು ನಿರ್ಧರಿಸುವುದು ನನಗೆ ಒಪ್ಪಿಗೆಯಿಲ್ಲ. ತೂಕ ಎಷ್ಟು ಏರಿತು ಎಂದಷ್ಟೇ ನೋಡಿದರೆ ಪುಡಿ ಗೆದ್ದಂತೆ ಕಾಣುವ ಸಾಧ್ಯತೆಯಿದೆ. ಕರುಳಿನ ಸ್ಥಿತಿ, ಮನೆಗೆ ಹೋಗುವಾಗ ಎದೆಹಾಲು ಉಳಿದಿದೆಯೇ ಎಂಬುದು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಇಂಥ ಸಂಶೋಧನೆ ಸರ್ಕಾರದ ಹಣದಲ್ಲೇ ನಡೆಯಬೇಕು. ತಾಯಿಗೆ ಹಾಲು ಹಿಂಡಿ ಕೊಡಲು, ಮಗುವನ್ನು ಎದೆಗವಚಿಕೊಳ್ಳಲು ನೆರವು ಸಿಕ್ಕಿತ್ತೇ ಎಂದು ಕೇಳಿ ನೋಡಿ. ದೇಶದ ವೈದ್ಯಕೀಯ ಅಧ್ಯಯನಗಳನ್ನು ನೋಂದಾಯಿಸುವ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾದ ಜಾಲತಾಣದಲ್ಲಿ ಆ ಅಧ್ಯಯನವನ್ನು ಹುಡುಕಿದರೆ ಹಣ ಕೊಟ್ಟವರ ಹೆಸರೂ, ಅನುಮತಿ ನೀಡಿದ ನೈತಿಕ ಸಮಿತಿಯ ಹೆಸರೂ ಸಿಗಬೇಕು. ದೂರನ್ನು ಮೊದಲು ಆ ಸಮಿತಿಗೇ ಬರೆಯಿರಿ.

ಆಶಾ ಕಾರ್ಯಕರ್ತೆ, ಸಿದ್ದಾಪುರ ಭಾಗ
ಎಲ್ಲರಿಗೂ ಧನ್ಯವಾದಗಳು. ದೂರು ಬರೆಯುವ ಮೊದಲು ಆ ತಾಯಿಯನ್ನೇ ಕೇಳಬೇಕು. ಅವರ ಮಾತು ಬಲ್ಲ ಅಂಗನವಾಡಿ ಸಹಾಯಕಿಯನ್ನು ಜೊತೆಗೆ ಕರೆದೊಯ್ದು, ಪತ್ರದಲ್ಲಿರುವುದನ್ನೆಲ್ಲ ವಿವರಿಸಿ, ಬೇಡವೆಂದರೆ ಅಲ್ಲಿಗೇ ಬಿಡುತ್ತೇನೆ.